ಐದನೆಯ ಮಾತಿಗೆ ಯಾರೂ ಏಳಲಿಲ್ಲ

ಹೊಸದಾಗಿ ಚರ್ಚಿನ ಸಭಾಪಾಲಕರಾದ ಹುಡುಗರು ಆಗೀಗ ಬಸವೇಶ್ವರನಗರದ ನಮ್ಮ ಮನೆಗೆ ಬರುತ್ತಾರೆ. ನಿವೃತ್ತರಾದ ಅಯ್ಯನವರನ್ನು ಒಂದು ಸಲ ನೋಡಿಕೊಂಡು ಬಾ ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ನನ್ನ ಹೆಂಡತಿ ವಿಮಲ ಕಾಫಿ ಕೊಡುತ್ತಾಳೆ, ನಾನು ಪ್ರಾರ್ಥನೆ ಮಾಡುತ್ತೇನೆ, ಹೊರಡುವ ಮುಂಚೆ ಚಪ್ಪಲಿ ಹಾಕಿಕೊಳ್ಳುತ್ತ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಅಯ್ನೋರೇ, ಈ ಯೂತ್‌ನ ಹೆಂಗೆ ಕಂಟ್ರೋಲ್ ಮಾಡೋದು?" ಕೇಳುವವನಿಗೇ ಇನ್ನೂ ಮೀಸೆ ಸರಿಯಾಗಿ ಕಪ್ಪಾಗಿರುವುದಿಲ್ಲ.

ಕಂಟ್ರೋಲ್ ಮಾಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ನನ್ನ ಸೇವೆಯ ವರ್ಷಗಳು ಬಹಳ ಸಪ್ಪೆಯಾಗಿ ಕಳೆದುಹೋಗುತ್ತಿದ್ದವು. ಬಾಗಿಲಲ್ಲಿ ನಿಂತು ಇಷ್ಟನ್ನೆಲ್ಲ ಹೇಳಲಾಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಈ ಕೆಲಸ ನೀವು ಅಂದುಕೊಂಡ ಹಾಗಿಲ್ಲ. ಭಾನುವಾರ ಪೀಠದ ಮೇಲೆ ನಿಂತು ಮಾಡುವ ಪ್ರಸಂಗ ಇದರಲ್ಲಿ ಒಂದು ಚೂರು ಮಾತ್ರ. ಉಳಿದದ್ದೆಲ್ಲ ಸೋರುವ ಛಾವಣಿ, ಗೇಟಿನ ಮುಂದೆ ಕಾರು ನಿಲ್ಲಿಸಿದ್ದಕ್ಕೆ ಜಗಳಕ್ಕೆ ಬಂದ ಪಕ್ಕದ ಮನೆಯವರು, ಆಸ್ಪತ್ರೆ, ಮದುವೆಯ ದಿನ ಕೈಕೊಡುವ ಮೈಕು, ಹೂಳುವ ಜಾಗಕ್ಕಾಗಿ ಅಲೆದಾಟ. ಮನೆಗಳಿಗೆ ಭೇಟಿ ಕೊಟ್ಟಲ್ಲೆಲ್ಲ ಕಾಫಿ ಕುಡಿಯಲೇಬೇಕು. ಬೇಡವೆಂದರೆ ಅಯ್ಯನವರಿಗೆ ನಮ್ಮ ಮೇಲೆ ಏನೋ ಬೇಸರ ಎಂದು ಸುದ್ದಿಯಾಗುತ್ತದೆ. ನನಗೆ ಸಕ್ಕರೆ ಕಾಯಿಲೆ ಬಂದದ್ದು ಸುವಾರ್ತಾ ಸೇವೆಯಿಂದ ಎಂದು ವಿಮಲ ಇಂದಿಗೂ ಆಡಿಕೊಳ್ಳುತ್ತಾಳೆ.

ನನ್ನನ್ನು ಮೊದಲು ಕಳಿಸಿದ್ದು ಕೆಂಗೇರಿಯ ಒಂದು ಸಭೆಗೆ, ಅಂದರೆ ಅಲ್ಲಿನ ಚರ್ಚಿಗೆ, ದೇವಪುತ್ರ ಅಯ್ಯನವರ ಕೈಕೆಳಗೆ. ಅವರು ಎತ್ತರದ ಆಳು, ಕಂಚಿನ ಕಂಠ. ಅವರ ಪ್ರಕಾರ ಯುವಜನರನ್ನು ಸಭೆಯಲ್ಲಿ ಉಳಿಸಿಕೊಳ್ಳುವ ಉಪಾಯ ಒಂದೇ. "ಬೆಂಚು ಎತ್ತಿಡೋ ಕೆಲ್ಸ ಕೊಡಪ್ಪ. ಬೆವರು ಬಿದ್ದ ಜಾಗಾನ ಯಾರೂ ಬಿಟ್ಟು ಹೋಗಲ್ಲ," ಎನ್ನುತ್ತಿದ್ದರು. ನಾನೂ ಹಾಗೇ ಮಾಡಿದೆ. ಬೆಂಚು ಎತ್ತಿದವರು ಸಭೆ ಬಿಡಲಿಲ್ಲ, ನಿಜ. ಆದರೆ ನಲವತ್ತು ದಾಟಿದರೂ ಅವರು ಬೆಂಚನ್ನೇ ಎತ್ತುತ್ತಿದ್ದರು. ಯಾರೂ ಅವರನ್ನು ಆ ಬೆಂಚಿನ ಮೇಲೆ ಕೂರಿಸಿ, ನಿನಗೆ ಏನನ್ನಿಸುತ್ತದೆ ಎಂದು ಕೇಳಲಿಲ್ಲ. ದೇವಪುತ್ರ ಅಯ್ಯನವರು ಹೇಳಿದ್ದರಲ್ಲಿ ಅರ್ಧ ಸರಿ ಎಂದು ತಿಳಿಯುವುದಕ್ಕೆ ನನಗೆ ಮೂರು ಸಭೆಗಳು ಬೇಕಾದವು.

ನನ್ನ ಕೊನೆಯ ಸಭೆ ಮೂಡಲಪಾಳ್ಯದ್ದು. ಅಲ್ಲಿಗೆ ಹೋಗುವ ಹೊತ್ತಿಗೆ ಎಲ್ಲವೂ ಬದಲಾಗಿತ್ತು. ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂದಿತ್ತು, ನೋಟೀಸು ಹಂಚುವ ಬದಲು ವಾಟ್ಸಾಪ್ ಗ್ರೂಪಿನಲ್ಲಿ ಹೂವಿನ ಚಿತ್ರದ ಜೊತೆ ಸುದ್ದಿ ಬರುತ್ತಿತ್ತು. ಹಿಂದೆ ನಾನು ಸೈಕಲ್ಲಿನಲ್ಲಿ ತಿರುಗಿ ಯಾರ ಮನೆ ಯಾವ ಕ್ರಾಸಿನಲ್ಲಿದೆ ಎಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಈಗ ಲೊಕೇಶನ್ ಕಳಿಸಿ ಎನ್ನುತ್ತಾರೆ. ಲೊಕೇಶನ್ ಒಳ್ಳೆಯದೇ. ಆದರೆ ಮೂಡಲಪಾಳ್ಯದಲ್ಲಿ ಒಂದೇ ನಂಬರಿನ ಕ್ರಾಸು ಮೂರು ಕಡೆ ಇದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ನಾನು ಅಲ್ಲಿದ್ದಾಗ ಒಂದು ವರ್ಷ ಡಿಸೆಂಬರಿನ ಮೊದಲ ವಾರದಲ್ಲೇ ಕ್ಯಾರೊಲ್ ಹಾಡುಗಳ ಸುತ್ತು ಆರಂಭಿಸಿದ್ದೆವು. ಸಂಜೆ ಏಳರ ಸುಮಾರಿಗೆ ಗಿಟಾರು, ತಮಟೆ, ಕಂಜಿರ ಹಿಡಿದು ಯುವಜನ ಸಂಘದ ಹುಡುಗ ಹುಡುಗಿಯರು ಮುಂದೆ, ಪ್ರಾರ್ಥನೆಗೆ ನಾನು ಹಿಂದೆ. ಡ್ಯಾನಿ ಎಂಬ ಹುಡುಗ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಕ್ರಿಸ್‌ಮಸ್ ತಾತನಾಗಿದ್ದ. ಫೋನು ನೋಡಿಕೊಂಡು ದಾರಿ ತೋರಿಸುತ್ತಿದ್ದವಳು ಸಂಘದ ಕಾರ್ಯದರ್ಶಿ ಸಲೋಮಿ. ನಾಗರಬಾವಿಯಲ್ಲಿ ಕಾನೂನು ಓದುತ್ತಿದ್ದ ಹುಡುಗಿ. ಅವಳ ಅಪ್ಪನಿಗೆ ಮಾರುಕಟ್ಟೆ ರಸ್ತೆಯಲ್ಲಿ ಟೈಲರ್ ಅಂಗಡಿ. ಸಣ್ಣ ಆಳು, ದೊಡ್ಡ ದನಿ, ಯಾವ ಮಾತಿಗೂ ಒಂದು "ಯಾಕೆ" ಎದುರಿಟ್ಟೇ ಮುಂದೆ ಹೋಗುವ ಸ್ವಭಾವ.

"ಇದೇ ಮನೆ ಅಯ್ನೋರೇ, ಇಲ್ಲೇ ತೋರಿಸ್ತಿದೆ," ಎಂದಳು. ಬಾಗಿಲು ತೆರೆದೇ ಇತ್ತು, ಹೊರಗೆ ಚಪ್ಪಲಿಗಳು ರಾಶಿ ಬಿದ್ದಿದ್ದವು. ನಮ್ಮನ್ನೇ ಕಾಯುತ್ತಿದ್ದಾರೆ ಎಂದುಕೊಂಡು ಡ್ಯಾನಿ ಗಂಟೆ ಅಲ್ಲಾಡಿಸುತ್ತ ಕುಣಿದುಕೊಂಡು ಒಳಗೆ ನುಗ್ಗಿದ. ಹಿಂದೆಯೇ ತಮಟೆ. ಒಳಗೆ ಜಮಖಾನದ ಮೇಲೆ ಒಂದು ಕಡೆ ಗಂಡಿನ ಕಡೆಯವರು, ಒಂದು ಕಡೆ ಹೆಣ್ಣಿನ ಕಡೆಯವರು, ನಡುವೆ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತ ಹುಡುಗಿ. ಧನುರ್ಮಾಸ ಹಿಡಿಯುವುದರೊಳಗೆ ಹೆಣ್ಣು ನೋಡುವ ಶಾಸ್ತ್ರ ಮುಗಿಸಿಬಿಡಬೇಕೆಂದು ಆ ಮನೆಯ ಯಜಮಾನ ಚಿಕ್ಕಣ್ಣನವರು ಗಂಡಿನವರನ್ನು ಕರೆಸಿದ್ದರು. ಚಿಕ್ಕಣ್ಣ ಅಲ್ಲಿನ ಹಳೆಯ ಊರಿನ ಒಕ್ಕಲಿನ ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡಿದ್ದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೈಮುಗಿದು, "ತಪ್ಪಾಯ್ತು ಯಜಮಾನ್ರೇ, ಮನೆ ತಪ್ಪಿ ಬಂದ್ವಿ," ಎಂದೆ. ಚಿಕ್ಕಣ್ಣನವರ ಮುಖ ಗಂಟಿಕ್ಕಿತ್ತು. ಅಷ್ಟರಲ್ಲಿ ಡ್ಯಾನಿಯ ಹೊಟ್ಟೆಯ ದಿಂಬು ಜಾರಿ ಸೀದಾ ಗಂಡಿನ ಕಾಲಬುಡಕ್ಕೆ ಬಿತ್ತು. ತಲೆ ತಗ್ಗಿಸಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಗಂಡೂ ನಕ್ಕ. ಇಬ್ಬರೂ ಮುಖ ನೋಡಿಕೊಂಡು ನಕ್ಕದ್ದನ್ನು ಕಂಡು ಗಂಡಿನ ತಾಯಿ, "ಬಂದಿದ್ದು ಬಂದಿದೀರ, ಒಂದು ಹಾಡಾದ್ರೂ ಹೇಳಿ ಹೋಗ್ರಪ್ಪ," ಎಂದರು. ನಾವು ಹಾಡಿದೆವು, ಉಪ್ಪಿಟ್ಟು ತಿಂದೆವು. ಸಂಬಂಧವೂ ಕೂಡಿಬಂತು. ಅಂದಿನಿಂದ ಚಿಕ್ಕಣ್ಣನವರು ನನ್ನನ್ನು ಎಲ್ಲಿ ಕಂಡರೂ ಸ್ಕೂಟರ್ ನಿಲ್ಲಿಸಿ ಮಾತಾಡಿಸುತ್ತಿದ್ದರು.

ಆ ರಾತ್ರಿ ನಾನು ಸಲೋಮಿಗೆ ಒಂದು ಮಾತೂ ಬಯ್ಯಲಿಲ್ಲ. ಬಯ್ಯಬೇಕೆಂದೇ ಇದ್ದೆ, ಆದರೆ ನಗು ಬಿಡಲಿಲ್ಲ. ಹೊಸಬರಿಗೆ ಇಷ್ಟು ಹೇಳಬಲ್ಲೆ: ಹುರುಪಿನಿಂದ ಹೊರಟವರು ಒಮ್ಮೊಮ್ಮೆ ಬೇರೆ ಮನೆಗೆ ನುಗ್ಗುತ್ತಾರೆ. ಅದಕ್ಕೆ ಹೆದರಿ ಅವರನ್ನು ಮನೆಯಲ್ಲೇ ಕೂರಿಸಬೇಡಿ.

ಹೊಸ ವರ್ಷ ಬಂದ ಮೇಲೆ ಒಂದು ಸಂಜೆ ಸಲೋಮಿ ಒಬ್ಬಳೇ ನಮ್ಮ ಮನೆಗೆ ಬಂದಳು. ವಿಮಲ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ಅಯ್ನೋರೇ, ನಾನು ಥಿಯಾಲಜಿ ಓದ್ಬೇಕು. ಸಭಾಪಾಲಕಿ ಆಗ್ಬೇಕು."

"ಲಾ ಕತೆ ಏನಾಯ್ತಮ್ಮ?"

"ಈ ವರ್ಷ ಮುಗಿಯುತ್ತೆ. ಮುಗಿಸ್ತೀನಿ. ಆಮೇಲೆ ಸೆಮಿನರಿಗೆ ಸೇರ್ಕೋತೀನಿ."

"ಅಪ್ಪ ಏನಂತಾರೆ?"

"ನೀವು ಏನ್ ಹೇಳ್ತೀರೋ ಹಂಗೆ ಅಂತಾರೆ. ಒಳಗೊಳಗೆ ಬೇಜಾರಿದೆ. ಕರಿ ಕೋಟು ಆಗ್ಲೇ ಹೊಲ್ದಿಟ್ಟಿದಾರೆ."

ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳು ಮುಟ್ಟದ ಕಾಫಿಯನ್ನು ನಾನೇ ಕುಡಿದುಬಿಟ್ಟೆ. ನಮ್ಮ ಸಭೆಗಳಲ್ಲಿ ಹೆಣ್ಣುಮಕ್ಕಳು ಸಭಾಪಾಲಕರಾಗುವುದು ಈಗ ಹೊಸದೇನಲ್ಲ. ಆದರೆ ಯಾರೇ ಆಗಲಿ, ಸೆಮಿನರಿಗೆ ಅಭ್ಯರ್ಥಿಯಾಗಿ ಹೋಗಬೇಕಾದರೆ ಸ್ವಂತ ಸಭೆಯ ಸಮಿತಿ ಶಿಫಾರಸು ಮಾಡಬೇಕು. ಅದಿಲ್ಲದಿದ್ದರೆ ಅರ್ಜಿಯನ್ನು ಮುಟ್ಟುವುದೂ ಇಲ್ಲ. ನಮ್ಮ ಸಮಿತಿ ಎಂದರೆ ಅದರ ಕಾರ್ಯದರ್ಶಿ ಕರುಣಾಕರ ಸಾರ್. ಅವರು ಒಪ್ಪಿದರೆ ಎಲ್ಲರೂ ಒಪ್ಪುತ್ತಾರೆ, ಅವರು ತಲೆ ಅಲ್ಲಾಡಿಸಿದರೆ ಮುಗಿಯಿತು.

ಕರುಣಾಕರ ಸಾರ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆರಾಧನೆ ತಡವಾಗಿ ಆರಂಭವಾದರೆ ಮುಂದಿನ ಬೆಂಚಿನಿಂದ ನನಗೆ ಕೈಗಡಿಯಾರ ತೋರಿಸುವವರು. ಕೆಟ್ಟವರಲ್ಲ. ದೇವಾಲಯದ ಒಂದು ಬಲ್ಬು ಸುಟ್ಟರೂ ತಾವೇ ತಂದು ಹಾಕಿಸುತ್ತಿದ್ದರು. ಆದರೆ ಹಿಂದೊಮ್ಮೆ ಒಬ್ಬ ಹುಡುಗನಿಗೆ ಮನಸ್ಸು ತುಂಬಿ ಶಿಫಾರಸು ಮಾಡಿದ್ದರು. ಅವನು ಮೊದಲ ವರ್ಷವೇ ಸೆಮಿನರಿ ಬಿಟ್ಟು ಬಂದ. ಆ ನೋವು ಅವರಿಗೆ ಆರಿರಲಿಲ್ಲ.

"ಕಾಲೇಜು ಹುಡುಗಿ ಅಯ್ನೋರೇ. ಈ ವಯಸ್ಸಲ್ಲಿ ಆವೇಶ ಬರೋದು ಸಹಜ. ಮೂರು ತಿಂಗಳಿಗೆ ಇಳಿದುಹೋಗುತ್ತೆ," ಎಂದರು.

"ಇಳಿಯದೇ ಇದ್ರೆ ಸಾರ್?"

ಅವರು ಗೋಡೆಯ ಕ್ಯಾಲೆಂಡರ್ ತಿರುವಿದರು. "ಶುಭ ಶುಕ್ರವಾರ ಐದನೇ ಮಾತನ್ನ ಅವಳಿಗೆ ಕೊಡಿ. ಸಮಿತಿಯೋರೆಲ್ಲ ಕೇಳ್ತೀವಿ. ಆಮೇಲೆ ತೀರ್ಮಾನ ಮಾಡೋಣ."

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಮಾತುಗಳು ಏಳು. ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೆಯ ದಿನ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಮ್ಮಲ್ಲಿ ಉಪವಾಸದ ಆರಾಧನೆ. ಒಂದೊಂದು ಮಾತಿನ ಮೇಲೆ ಸಭೆಯ ಒಬ್ಬೊಬ್ಬರು ಪ್ರಸಂಗ ಮಾಡುತ್ತಾರೆ, ನಡುನಡುವೆ ಹಾಡು. ಐದನೆಯದು, ನನಗೆ ಬಾಯಾರಿದೆ ಎಂದು ಸ್ವಾಮಿ ಹೇಳಿದ ಮಾತು. ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ಕೂತಿರುವ ಜನಕ್ಕೆ ಅದರ ಮೇಲೆ ಪ್ರಸಂಗ ಮಾಡುವುದು ಸುಲಭವಲ್ಲ.

ಸಲೋಮಿ ಒಂದು ವಾರದಲ್ಲೇ ಬರೆದುಕೊಂಡು ಬಂದಳು. ಓದಿ ನನಗೆ ತಲೆ ತಿರುಗಿತು. ಮೊದಲನೆಯದಾಗಿ, ಎರಡನೆಯದಾಗಿ, ಆದ್ದರಿಂದ, ಆದಾಗ್ಯೂ.

"ಇದೇನಮ್ಮ, ಯೇಸುಸ್ವಾಮಿ ಪರ ವಕಾಲತ್ತು ಹಾಕಿದೀಯ? ಶಿಲುಬೆಗೆ ಹಾಕಿ ಅಂತ ಪಿಲಾತ ಆಗ್ಲೇ ತೀರ್ಪು ಕೊಟ್ಟಾಯ್ತು ಕಣೇ."

ಅವಳಿಗೆ ಸಿಟ್ಟು ಬಂತು. ನಾನು ಅರ್ಧ ಹೊಡೆದುಹಾಕಿದೆ. ಅವಳು ಮತ್ತೆ ಬರೆದಳು. ನಾನು ಮತ್ತೆ ಹೊಡೆದುಹಾಕಿದೆ. ನನ್ನ ಕೆಲಸದಲ್ಲಿ ನನಗೆ ಬಹಳ ಖುಷಿ ಕೊಟ್ಟ ಸಂಜೆಗಳು ಅವು. ತನಗೆ ನಿಜ ಅನ್ನಿಸಿದ್ದನ್ನು ಹೇಳುವುದಕ್ಕೆ ಒದ್ದಾಡುವ ಒಂದು ಎಳೆಯ ಜೀವದ ಎದುರು ಕೂರುವ ಭಾಗ್ಯ ಬೇರೆ ಯಾವ ಉದ್ಯೋಗದಲ್ಲಿ ಸಿಗುತ್ತದೋ ನನಗೆ ಗೊತ್ತಿಲ್ಲ.

ಅದು ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದ ಬೇಸಿಗೆ. ನಮ್ಮ ಕಡೆಯಲ್ಲೂ ಟ್ಯಾಂಕರ್ ಬಂದರೆ ಹಬ್ಬ. ಐದನೆಯ ಮಾತನ್ನು ಓದಿ ಓದಿ ತಲೆಗೆ ಹತ್ತಿಸಿಕೊಂಡಿದ್ದ ಸಲೋಮಿ ಒಂದು ದಿನ ಯುವಜನ ಸಂಘದಲ್ಲಿ, "ಇಷ್ಟು ಜನ ನೀರಿಲ್ದೆ ಓಡಾಡ್ತಿದಾರೆ. ನಾವು ಬರೀ ಮಾತಾಡ್ತಾ ಕೂರೋದಾ?" ಎಂದಳು. ಮರುದಿನದಿಂದಲೇ ದೇವಾಲಯದ ಗೇಟಿನ ಪಕ್ಕ ಚಪ್ಪರ ಹಾಕಿ ನೀರು ಕೊಡಲು ಆರಂಭಿಸಿದರು. ದೊಡ್ಡ ಹಂಡೆಗಳಿಗೆ ಹುಡುಕಾಡಿ ಚಿಕ್ಕಣ್ಣನವರ ಹತ್ತಿರ ಹೋದರು. ಆ ಬೀದಿಯ ರಾಮನವಮಿ ಮಂಡಳಿಯ ಅಧ್ಯಕ್ಷರು ಅವರೇ. ಪಾನಕ ಕಲಸುವ ಹಂಡೆಗಳು ಅವರ ಮನೆಯಲ್ಲೇ ಇದ್ದವು.

"ರಾಮನವಮಿ ನಿಮ್ಮ ಹಬ್ಬ ಆದ್ಮೇಲೆ ಬರುತ್ತೆ. ಅಲ್ಲೀವರೆಗೂ ಇಟ್ಕೊಳ್ಳಿ. ಸುಮ್ನೆ ಅಟ್ಟದ ಮೇಲೆ ಬಿದ್ದಿರೋ ಬದ್ಲು ನಾಲ್ಕು ಜನ ಕುಡೀಲಿ," ಎಂದು ಚಿಕ್ಕಣ್ಣ ತಾವೇ ಆಟೋದಲ್ಲಿ ಹಾಕಿ ಕಳಿಸಿದರು.

ನೀರು ಎಲ್ಲಿಂದ? ಒಬ್ಬೊಬ್ಬರೂ ತಮ್ಮ ಮನೆಯಿಂದ ಒಂದೊಂದು ಕ್ಯಾನ್ ತರುತ್ತಿದ್ದರು. ದೇವಾಲಯದ ಅಂಗಳದಲ್ಲಿ ನೆಲದಡಿಯ ನೀರಿನ ಸಂಪು ಇತ್ತು. ಆದರೆ ಹಬ್ಬದ ದಿನಗಳಲ್ಲಿ ಜನ ಹೆಚ್ಚು, ಅದು ಖಾಲಿಯಾದರೆ ಪಡಿಪಾಟಲು ಎಂದು ಕರುಣಾಕರ ಸಾರ್ ಅದರ ಮುಚ್ಚಳಕ್ಕೆ ಬೀಗ ಹಾಕಿಸಿದ್ದರು. "ಹಂಡೆ ಇಡಿ, ಬೇಡ ಅನ್ನಲ್ಲ. ಸಂಪಿನ ನೀರು ಮಾತ್ರ ಮುಟ್ಬೇಡಿ," ಎಂದು ಹುಡುಗರಿಗೆ ಹೇಳಿದ್ದರು. ಅವರ ಮಾತೂ ನ್ಯಾಯವೇ. ಎಂಟು ದಿನಕ್ಕೊಮ್ಮೆ ಬರುವ ಟ್ಯಾಂಕರಿಗೆ ಕಾದು ಕಾದು ಸಾಕಾದವರು ಅವರು.

ಶುಭ ಶುಕ್ರವಾರ ಬಂತು. ಬಿಸಿಲು ಕಣ್ಣು ಬಿಡಲಾಗದಷ್ಟು. ಎಲ್ಲರೂ ಬಿಳಿ ಬಟ್ಟೆ ಉಟ್ಟು ಬಂದಿದ್ದರು. ಸಲೋಮಿ ಯುವಜನರ ಬೆಂಚಿನ ತುದಿಯಲ್ಲಿ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆ, ತುಟಿ ಅಲ್ಲಾಡುತ್ತಿತ್ತು. ಅವಳ ಅಪ್ಪ ಹಿಂದಿನ ಸಾಲಿನಲ್ಲಿ ಕಂಬಕ್ಕೆ ಆನಿಕೊಂಡು ಕೂತಿದ್ದರು. ಕರುಣಾಕರ ಸಾರ್ ಎಂದಿನಂತೆ ಮುಂದಿನ ಬೆಂಚಿನಲ್ಲಿ. ಆರನೆಯ ಮಾತು ಪ್ರತಿ ವರ್ಷವೂ ಅವರದೇ.

ಮೂರನೆಯ ಮಾತು ನಡೆಯುತ್ತಿರುವಾಗ ನೀರಿನ ಚಪ್ಪರದಲ್ಲಿದ್ದ ಡ್ಯಾನಿ ಮೆಲ್ಲಗೆ ಒಳಗೆ ಬಂದು ಸಲೋಮಿಯ ಕಿವಿಯಲ್ಲಿ ಏನೋ ಹೇಳಿದ. ಅವಳು ಎದ್ದು ಹೋದಳು. ಒಬ್ಬೊಬ್ಬರಾಗಿ ಇಡೀ ಬೆಂಚು ಖಾಲಿಯಾಯಿತು. ನಾನು ಪೀಠದ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದುಕೊಂಡೆ. ನಾಲ್ಕನೆಯ ಮಾತು ಮುಗಿಯಿತು. ಹಾಡೂ ಮುಗಿಯಿತು. ಕರುಣಾಕರ ಸಾರ್ ಕೈಗಡಿಯಾರ ನೋಡಿಕೊಂಡರು.

ನಾನು ಎದ್ದು ಮೈಕಿನ ಮುಂದೆ ನಿಂತು, "ಐದನೆಯ ಮಾತು. ಯುವಜನ ಸಂಘದ ಪರವಾಗಿ ಸಲೋಮಿ," ಎಂದೆ.

ಯಾರೂ ಏಳಲಿಲ್ಲ. ಎಲ್ಲರೂ ಖಾಲಿ ಬೆಂಚನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸಲೋಮಿಯ ಅಪ್ಪ ತಲೆ ತಗ್ಗಿಸಿದರು. ಆ ಮಗುವಿನ ಆಸೆ ನನ್ನ ಕಣ್ಣೆದುರಿಗೇ ನೀರುಪಾಲಾಯಿತಲ್ಲ ಎಂದುಕೊಂಡೆ.

ಆಗ ಬಾಗಿಲಲ್ಲಿ ಸಲೋಮಿ ಕಂಡಳು. ದುಪಟ್ಟಾ ಸೊಂಟಕ್ಕೆ ಬಿಗಿದಿತ್ತು, ಬಿಳಿ ಚೂಡಿದಾರ ಮೊಣಕಾಲಿನವರೆಗೆ ಒದ್ದೆಯಾಗಿ ಕೆಸರಾಗಿತ್ತು. ನಡುವಿನ ದಾರಿಯಲ್ಲಿ ಬಿರಬಿರನೆ ನಡೆದು ಬಂದಳು. ಬಂದಳಲ್ಲ ಸದ್ಯ ಎಂದು ನಾನು ಪಕ್ಕಕ್ಕೆ ಸರಿದೆ, ಅವಳ ಎತ್ತರಕ್ಕೆ ಮೈಕನ್ನೂ ಬಗ್ಗಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮುಂದಿನ ಬೆಂಚಿನ ಎದುರು ನಿಂತಳು.

"ಸಾರ್, ಸಂಪಿನ ಬೀಗದ ಕೈ ಕೊಡಿ."

ಬಗ್ಗಿಸಿದ ಮೈಕು ಅವಳ ದನಿಯನ್ನು ಹಿಡಿದು ಇಡೀ ದೇವಾಲಯಕ್ಕೆ ಕೇಳಿಸಿತು.

"ಈಗ್ಲಾ?" ಎಂದರು ಕರುಣಾಕರ ಸಾರ್.

"ಹೂಂ ಸಾರ್, ಈಗ್ಲೇ. ಹಿಂದ್ಗಡೆ ಸೈಟಲ್ಲಿರೋ ಕೂಲಿಯೋರ ಶೆಡ್ಡಿಗೆ ಎರಡು ದಿನದಿಂದ ಟ್ಯಾಂಕರ್ ಬಂದಿಲ್ವಂತೆ. ಬಿಂದಿಗೆ ತಗೊಂಡು ಬಂದು ನಿಂತಿದಾರೆ. ಚಿಕ್ಕ ಚಿಕ್ಕ ಮಕ್ಕಳಿದಾರೆ. ನಮ್ಮನೆಗಳ ನೀರೆಲ್ಲ ತಂದು ಕೊಟ್ವಿ, ಸಾಲ್ತಿಲ್ಲ. ಅವರಿಗೆ ಬಾಯಾರಿದೆ ಸಾರ್."

ಆ ಹೊತ್ತಿಗೆ ನಾನು ಏನಾದರೂ ದೊಡ್ಡ ಮಾತು ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜವಾಗಿ ನಾನು ಹಾಡಿನ ಪುಸ್ತಕದ ಹಾಳೆ ತಿರುವುತ್ತ ಬೆಪ್ಪನಂತೆ ನಿಂತಿದ್ದೆ. ಕರುಣಾಕರ ಸಾರ್ ಅವಳ ಮುಖ ನೋಡಿದರು, ಅವಳ ಕೆಸರುಗಾಲು ನೋಡಿದರು. ಎದ್ದರು. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದರು. ಅವಳಿಗೆ ಕೊಡಲಿಲ್ಲ. ತಾವೇ ಹಿಡಿದುಕೊಂಡು ಹೊರಗೆ ನಡೆದರು. ಅವಳು ಹಿಂದೆ ಓಡಿದಳು.

ಯಾವ ಮಾತಿನ ಸರದಿಯಲ್ಲಿ ಇದೆಲ್ಲ ನಡೆಯಿತು ಎಂಬುದು ಜನರಿಗೆ ಆಗ ಹೊಳೆಯಿತು. ಬಾಯಿಗೆ ಸೆರಗು ಹಿಡಿದು ಯಾರೋ ಬಿಕ್ಕಿದರು. ಎಲ್ಲರಿಗಿಂತ ಮೊದಲು ಎದ್ದವಳು ವಿಮಲ. ಅವಳ ಹಿಂದೆ ಹೆಂಗಸರು, ಅವರ ಹಿಂದೆ ಗಂಡಸರು. ಕೊನೆಗೆ ಒಳಗೆ ಉಳಿದದ್ದು ನಾನು ಮತ್ತು ಮಂಡಿನೋವಿನವರು. ಉಳಿದವರಿಗೆ ಒಂದು ಹಾಡು ಎತ್ತಿಕೊಟ್ಟೆ. ಹೊರಗಿನಿಂದ ಬಿಂದಿಗೆಗಳ ಸದ್ದು, ಯಾದಗಿರಿ ಕಡೆಯಿಂದ ಕೂಲಿಗೆ ಬಂದ ಹೆಂಗಸರ ಮಾತು, ಮಕ್ಕಳ ಕೇಕೆ. ಅಷ್ಟು ಗಲಾಟೆಯ ಶುಭ ಶುಕ್ರವಾರವನ್ನು ನಾನು ಕಂಡಿರಲಿಲ್ಲ. ಅಷ್ಟು ಸಂತೋಷದ್ದನ್ನೂ ಕಂಡಿರಲಿಲ್ಲ. ಆ ದಿನ ಸಂತೋಷಪಡಬಹುದೋ ಬಾರದೋ ಎಂಬುದನ್ನು ನಿಮ್ಮ ಸೆಮಿನರಿಯ ಪ್ರಾಧ್ಯಾಪಕರನ್ನು ಕೇಳಿಕೊಳ್ಳಿ.

ಜನ ಮತ್ತೆ ಒಳಗೆ ಬಂದು ಕೂತಾಗ ಆರನೆಯ ಮಾತಿಗೆ ಕರುಣಾಕರ ಸಾರ್ ಪೀಠ ಹತ್ತಿದರು. ಪ್ಯಾಂಟು ಮಡಿಚಿಕೊಂಡಿದ್ದರು, ಇಸ್ತ್ರಿಯ ಅಂಗಿ ಮೈಗೆ ಅಂಟಿತ್ತು. ಕನ್ನಡಕ ಹಾಕಿಕೊಂಡು ಹಾಳೆ ಬಿಡಿಸಿದರು, ಮತ್ತೆ ಮಡಿಚಿದರು. "ಬರ್ಕೊಂಡು ಬಂದಿದ್ದನ್ನ ಓದೋಕೆ ಇವತ್ತು ಆಗ್ತಿಲ್ಲ. ಪ್ರಾರ್ಥನೆ ಮಾಡೋಣ," ಎಂದು ಇಳಿದುಬಂದರು.

ಆರಾಧನೆ ಮುಗಿದ ಮೇಲೆ ಸಲೋಮಿಯನ್ನು ಹುಡುಕಿಕೊಂಡು ಹೋದೆ. ದೇವಾಲಯದ ಹಿಂದೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಅಪ್ಪ ಪಕ್ಕದಲ್ಲಿ ನಿಂತಿದ್ದರು.

"ಅಯ್ನೋರೇ, ನೀವು ನನ್ ಹೆಸ್ರು ಕರೆದ್ರಂತೆ?"

"ಕರ್ದೆ ಕಣಮ್ಮ."

"ನಾನು ಮರ್ತೇಬಿಟ್ಟಿದ್ದೆ. ನಿಜವಾಗ್ಲೂ ಮರ್ತೇಬಿಟ್ಟೆ. ಒಳಗೆ ಬಂದಾಗ್ಲೂ ನೆನಪಾಗ್ಲಿಲ್ಲ. ಎಲ್ಲಾ ಕೆಡಿಸ್ಕೊಂಡೆ."

ನನಗೆ ನಗು ತಡೆಯಲಾಗಲಿಲ್ಲ. ಅವಳು ಇನ್ನೂ ಜೋರಾಗಿ ಅತ್ತಳು. ಅವಳ ಅಪ್ಪ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು ಮಗ, ಲಾ ಅಂತೂ ಇದೆ," ಎಂದರು. ಅವರ ದನಿಯಲ್ಲಿ ಮಾತ್ರ ಸಮಾಧಾನವಿರಲಿಲ್ಲ. ಕರಿ ಕೋಟು ಹೊಲಿದಿಟ್ಟ ಮನುಷ್ಯನಿಗೂ ಆ ಮಧ್ಯಾಹ್ನ ಮನಸ್ಸು ಬದಲಾಗಿತ್ತು.

ಸಂಜೆ ನಾನು ಕರುಣಾಕರ ಸಾರ್ ಮನೆಗೆ ಹೋದೆ. ಶಿಫಾರಸು ಖಾತ್ರಿ ಎಂದುಕೊಂಡೇ ಹೋಗಿದ್ದೆ.

"ನೀರು ಕೊಟ್ಟಿದ್ದು ಸರಿ ಅಯ್ನೋರೇ. ಬೀಗ ಹಾಕಿದ್ದಕ್ಕೆ ನನಗೆ ನಾಚಿಕೆ ಆಯ್ತು," ಎಂದರು. "ಆದ್ರೆ ಪ್ರಸಂಗ ಕೇಳದೆ ನಾನು ಸಹಿ ಹಾಕಲ್ಲ."

"ಇನ್ನೂ ಯಾವ ಪ್ರಸಂಗ ಬೇಕು ಸಾರ್? ಇಡೀ ಸಭೆ ಎದ್ದು ಹೋಯ್ತಲ್ಲ."

"ನೀರು ಕೊಡೋಕೆ ಥಿಯಾಲಜಿ ಯಾಕೆ ಬೇಕು ಹೇಳಿ? ಯಾರು ಬೇಕಾದ್ರೂ ಕೊಡ್ಬಹುದು. ಸಭಾಪಾಲಕಿ ಆಗೋಳಿಗೆ ಜನರ ಮುಂದೆ ನಿಂತು ದೇವರ ವಾಕ್ಯ ಹೇಳೋಕೂ ಬರ್ಬೇಕು. ಸಾವಿನ ಮನೇಲಿ, ಮದುವೆ ಮನೇಲಿ, ಏನೂ ತೋಚದೇ ಇರೋ ದಿನಾನೂ ಹೇಳ್ಬೇಕು. ಅದು ಬರುತ್ತೋ ಇಲ್ವೋ ನೋಡ್ದೆ ಕಳ್ಸಿದ್ರೆ ಆ ಮಗೂಗೇ ಅನ್ಯಾಯ."

ನನಗೆ ರೇಗಿತು. ರೇಗಿದ್ದು ಅವರು ಹೇಳಿದ್ದು ಸರಿಯಾಗಿದ್ದುದಕ್ಕೆ. ನಾನು ಎದ್ದು ನಿಂತಾಗ ಅವರು, "ಈಸ್ಟರ್ ಬೆಳಿಗ್ಗೆ ಸ್ಮಶಾನದಲ್ಲಿ ನನ್ನ ಮಾತಿದೆಯಲ್ಲ, ಅದನ್ನ ಅವಳಿಗೆ ಕೊಡಿ," ಎಂದರು. ಎಷ್ಟೋ ವರ್ಷಗಳಿಂದ ಆ ಮಾತನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಸಲೋಮಿಗೆ ಹೇಳಿದೆ. ಬರೆದಿಟ್ಟಿದ್ದ ಬಾಯಾರಿಕೆಯ ಪ್ರಸಂಗ ಪುನರುತ್ಥಾನದ ಬೆಳಿಗ್ಗೆಗೆ ಉಪಯೋಗವಿಲ್ಲ. ನಡುವೆ ಇದ್ದದ್ದು ಶನಿವಾರ ಒಂದೇ. "ಬರೆದು ತಂದು ತೋರಿಸ್ಲಾ ಅಯ್ನೋರೇ?" ಎಂದಳು. "ಬೇಡ, ಈ ಸ‌ಲ ನನಗೆ ತೋರಿಸ್ಬೇಡ," ಎಂದೆ. ಹಾಗೆ ಹೇಳಿದ್ದಕ್ಕೆ ವಿಮಲ ನನ್ನ ಜೊತೆ ಶನಿವಾರವಿಡೀ ಮಾತು ಬಿಟ್ಟಿದ್ದಳು.

ನಮ್ಮವರು ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ಸ್ಮಶಾನಕ್ಕೆ ಹೋಗುತ್ತಾರೆ. ಹಿಂದಿನ ದಿನವೇ ಗೋರಿಗಳನ್ನು ತೊಳೆದು ಸುಣ್ಣ ಬಳಿದಿರುತ್ತಾರೆ, ಸೇವಂತಿಗೆ ಹರಡಿ ಮೇಣದಬತ್ತಿ ಹಚ್ಚುತ್ತಾರೆ. ತಮ್ಮ ತಮ್ಮ ಹಿರಿಯರ ಪಕ್ಕದಲ್ಲಿ ನಿಂತೇ ಆರಾಧನೆ ಕೇಳುತ್ತಾರೆ. ಸತ್ತವರ ನಡುವೆ ಅಷ್ಟು ಸಡಗರ ಮಾಡುವ ಬೆಳಗು ವರ್ಷಕ್ಕೆ ಅದೊಂದೇ. ಹುಡುಗರು ಗಿಟಾರು ನುಡಿಸಿದರು. ಪೂರ್ವದಲ್ಲಿ ಕೆಂಪು ಮೂಡುವ ಹೊತ್ತಿಗೆ ನಾನು ಸಲೋಮಿಯ ಹೆಸರು ಕರೆದೆ.

ಈ ಸಲ ಎದ್ದು ಬಂದಳು. ಕೈಯಲ್ಲಿ ಹಾಳೆ ಇರಲಿಲ್ಲ. ಮೊದಲ ಎರಡು ವಾಕ್ಯಗಳಲ್ಲಿ ತಡವರಿಸಿದಳು, ನನ್ನ ಹೆಬ್ಬೆರಳು ಚಪ್ಪಲಿಯೊಳಗೆ ಮುದುಡಿತು. ಆಮೇಲೆ ಅವಳಿಗೆ ತನ್ನ ದನಿ ಸಿಕ್ಕಿತು.

"ಆವತ್ತು ಬೆಳಿಗ್ಗೆ ಹೆಂಗಸರು ಸುಗಂಧ ದ್ರವ್ಯ ತಗೊಂಡು ಸಮಾಧಿ ಹತ್ರ ಹೊರಟ್ರು. ಬಾಗಿಲಿಗೆ ದೊಡ್ಡ ಕಲ್ಲಿತ್ತು. ಅದನ್ನ ನಮಗೆ ಯಾರು ಉರುಳಿಸಿ ಕೊಡ್ತಾರೆ ಅಂತ ಒಬ್ಬರನ್ನೊಬ್ಬರು ಕೇಳ್ಕೊಂಡ್ರು. ಆದ್ರೆ ನೋಡಿ, ಅದನ್ನ ಅವರು ಕೇಳ್ಕೊಂಡಿದ್ದು ದಾರೀಲಿ. ಮನೇಲಲ್ಲ. ಮನೇಲಿ ಕೂತು ಮೀಟಿಂಗ್ ಮಾಡಿ, ಕಲ್ಲು ಉರುಳಿಸೋರು ಸಿಕ್ಕಿದ ಮೇಲೆ ಹೋಗೋಣ ಅಂದಿದ್ರೆ ಅವರು ಹೊರಡ್ತಾನೇ ಇರ್ಲಿಲ್ಲ. ಸ್ವಾಮಿ ಎದ್ದಿದಾರೆ ಅಂತ ಮೊದಲು ಗೊತ್ತಾಗಿದ್ದು ಲೆಕ್ಕಾಚಾರ ಮುಗಿಸ್ದೆ ಹೊರಟೋರಿಗೆ."

ಮೀಟಿಂಗ್ ಎಂದಾಗ ಸಮಿತಿಯವರಲ್ಲಿ ಒಬ್ಬಿಬ್ಬರು ನಕ್ಕರು. ಅವಳು ಮುಂದುವರಿಸಿದಳು: "ನನಗೂ ಮುಂದೆ ಕಲ್ಲಿದೆ. ಯಾರು ಉರುಳಿಸ್ತಾರೋ ಗೊತ್ತಿಲ್ಲ. ಉರುಳಿಸ್ದೇನೂ ಇರ್ಬಹುದು. ಆದ್ರೂ ನಾನು ಹೊರಟಿದೀನಿ." ಅಷ್ಟೇ. ಐದು ನಿಮಿಷವೂ ಆಗಿರಲಿಲ್ಲ.

ಪ್ರಸಂಗ ಮಾಡಬೇಕಾದ ಜಾಗದಲ್ಲಿ ವಾದ ಮಾಡುತ್ತಿದ್ದ ಹುಡುಗಿ ಎಲ್ಲಿಗೆ ಹೋದಳೋ. ನಾನು ಸೇವೆಯುದ್ದಕ್ಕೂ ಎಷ್ಟೋ ಪ್ರಸಂಗ ಮಾಡಿದವನು, ಇನ್ನೂ ಹೆಚ್ಚು ಕೇಳಿದವನು. ಹೊಟ್ಟೆಕಿಚ್ಚಾಯಿತು, ಹೆಮ್ಮೆಯಾಯಿತು, ಕಣ್ಣು ಒದ್ದೆಯಾಯಿತು. ಎಲ್ಲವೂ ಒಟ್ಟಿಗೇ ಆಯಿತು. ಕರುಣಾಕರ ಸಾರ್ ಮಾತ್ರ ಒಂದು ಗೋರಿಯ ಪಕ್ಕ ಕೈಕಟ್ಟಿ ನಿಂತೇ ಇದ್ದರು. ಅವರ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ.

ಸಮಿತಿಯ ಸಭೆ, ಅರ್ಜಿ, ಸಹಿ ಇವೆಲ್ಲ ಆಮೇಲೆ ನಡೆಯಬೇಕಾದ ಕ್ರಮದಲ್ಲೇ ನಡೆದವು. ಆದರೆ ಅದೆಲ್ಲ ತೀರ್ಮಾನವಾದದ್ದು ಆ ಬೆಳಿಗ್ಗೆ ಸ್ಮಶಾನದ ಗೇಟಿನಲ್ಲಿ. ಆರಾಧನೆ ಮುಗಿದ ಮೇಲೆ ಸಭಾಪಾಲಕರು ಬಾಗಿಲ ಬಳಿ ನಿಂತು ಹೋಗುವವರ ಕೈ ಕುಲುಕುವುದು ನಮ್ಮಲ್ಲಿ ವಾಡಿಕೆ. ನಾನು ಗೇಟಿನ ಬಳಿ ನಿಂತಿದ್ದೆ. ನನ್ನ ಪಕ್ಕದಲ್ಲಿ, ನನಗಿಂತ ಅರ್ಧ ಹೆಜ್ಜೆ ಹಿಂದೆ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸಲೋಮಿ ನಿಂತಿದ್ದಳು. ಜನ ಸಾಲಾಗಿ ಬಂದು ಹಬ್ಬದ ಶುಭಾಶಯ ಹೇಳಿ ಹೋದರು. ಎಲ್ಲರೂ ಹೋದ ಮೇಲೆ ಕೊನೆಯವರಾಗಿ ಕರುಣಾಕರ ಸಾರ್ ಬಂದರು. ಸ್ವಲ್ಪ ಬಾಗಿ, "ವಂದನೆ ಅಯ್ನೋರೇ," ಎಂದು ಕೈ ಚಾಚಿದರು.

ನಾನೂ ಕೈ ಚಾಚಿದೆ. ಅವರ ಕೈ ನನ್ನ ಕೈಯನ್ನು ದಾಟಿ ಸಲೋಮಿಯ ಕಡೆಗೆ ಹೋಯಿತು. ಅವಳು ಒಂದು ಕ್ಷಣ ಹಿಂದೆ ತಿರುಗಿ ಯಾರಿಗೆಂದು ನೋಡಿ, ಆಮೇಲೆ ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡಳು. ಚಾಚಿದ ಕೈಯನ್ನು ಖಾಲಿಯಾಗಿ ಹಿಂದಕ್ಕೆ ತೆಗೆದುಕೊಂಡು ನಾನು ಅಷ್ಟು ಸಂತೋಷಪಟ್ಟದ್ದು ನನ್ನ ಇಡೀ ಸೇವೆಯಲ್ಲಿ ಅದೊಂದೇ ಸಲ.